ಬೈರಿಗೆ ಇರುವಾಗ ಡ್ರಿಲ್ ಮಷೀನ್ ಏಕೆ?

ಮಾನ್ಯರೇ,

ಮುಂಬೈಯ ಹೌಸಿಂಗ್ ಸೊಸೈಟಿಗಳಲ್ಲಿ ಡ್ರಿಲ್ ಮಷೀನಿನ ಸದ್ದಿಗೆ ಜಗಳವಾಗುವುದು ಹೊಸದಲ್ಲ. ಗೋಡೆಗೆ ಮಷೀನ್ ಬೇಕು, ಒಪ್ಪೋಣ. ಆದರೆ ಮರದ ಹಲಗೆಗೆ ನಾಲ್ಕು ತೂತು ಹಾಕಲು ಕೈಬೈರಿಗೆ, ಅಂದರೆ ಕೈಯಿಂದ ತಿರುಗಿಸಿ ತೂತು ಕೊರೆಯುವ ಉಪಕರಣ, ಧಾರಾಳ ಸಾಕು.

ಗುರುತಿನ ಮೇಲೆ ಮೊದಲು ದಬ್ಬಳದಿಂದ ಒಂದು ಕುಳಿ ಒತ್ತಬೇಕು. ಇಲ್ಲದಿದ್ದರೆ ಮೊನೆ ಜಾರಿ ತೂತು ಪಕ್ಕಕ್ಕೆ ಸರಿಯುತ್ತದೆ. 4 ಮಿ.ಮೀ. ಸ್ಕ್ರೂಗೆ ಮೆದು ಮರದಲ್ಲಿ 2.5 ಮಿ.ಮೀ., ಸಾಗುವಾನಿಯಂಥ ಗಟ್ಟಿ ಮರದಲ್ಲಿ 3 ಮಿ.ಮೀ. ತೂತು ಸರಿ. ಪಕ್ಕದಲ್ಲಿ ಮೂಲೆಮಟ್ಟ (ನೇರ ಮೂಲೆ ನೋಡುವ ಅಳತೆಪಟ್ಟಿ) ನಿಲ್ಲಿಸಿಕೊಂಡರೆ ಬೈರಿಗೆ ವಾಲಿದ್ದು ಕೂಡಲೇ ಕಾಣುತ್ತದೆ.

ಹೆಚ್ಚಿನವರು ತಪ್ಪುವುದು ಮುಂದೆ. ಬಲ ಹಾಕಿ ಒತ್ತುತ್ತಾರೆ. ಮರದ ಹೊಟ್ಟು ಬಿಟ್ಟಿನ (ಕೊರೆಯುವ ಕಡ್ಡಿಯ) ಸುರುಳಿಯಲ್ಲಿ ಗಿಡಿದು ಅದು ಸಿಕ್ಕಿಕೊಳ್ಳುತ್ತದೆ, ಸಣ್ಣದಾದರೆ ಮುರಿದೇ ಹೋಗುತ್ತದೆ. ಒಂದು ಸೆಂಟಿಮೀಟರಿಗೊಮ್ಮೆ ಹೊರಗೆಳೆದು ಹೊಟ್ಟು ಕೊಡವಿ. ಹಲಗೆಯಡಿ ಬೇಡದ ಮರದ ತುಂಡೊಂದನ್ನು ಬಿಗಿದರೆ ಹಿಂಬದಿ ಸೀಳಿ ಸಿಬಿರೇಳುವುದಿಲ್ಲ. ಹಲಗೆಯ ತುದಿಗೆ ತೀರ ಹತ್ತಿರ ತಿರುಪುಮೊನೆಯ (ತುದಿಯಲ್ಲಿ ಸ್ಕ್ರೂವಿನಂಥ ಮರೆಯಿರುವ) ಬೈರಿಗೆ ಬೇಡವೇ ಬೇಡ: ಅದು ಬೆಣೆಯಂತೆ ನುಗ್ಗಿ ಎಳೆಗುಂಟ ಮರವನ್ನು ಸೀಳುತ್ತದೆ.

ಸುಲಭವಾಗಿ ಇಳಿಯಲೆಂದು ಸ್ಕ್ರೂಗೆ ಸೋಪು ಸವರುವ ರೂಢಿಯಿದೆ. ಸೋಪು ತೇವ ಹೀರುತ್ತದೆ. ನಮ್ಮ ಕಡಲ ಗಾಳಿಗೆ ಕಬ್ಬಿಣದ ಸ್ಕ್ರೂ ಬೇಗ ತುಕ್ಕು ಹಿಡಿಯುತ್ತದೆ. ಸೋಪಿನ ಬದಲು ಮೇಣದಬತ್ತಿ ಉಜ್ಜಿ. ಮಳೆಗಾಲದಲ್ಲಿ ಉಬ್ಬಿದ ಹಲಗೆಗೆ ಹಾಕಿದ ತೂತು ಬೇಸಿಗೆಯಲ್ಲಿ ಮರ ಕುಗ್ಗಿದಾಗ ಕೂಡದೆ ಹೋಗಬಹುದು, ಆದ್ದರಿಂದ ಅಗಲ ಹಲಗೆಗೆ ತೂತನ್ನು ಮರದ ಎಳೆಗೆ ಅಡ್ಡಲಾಗಿ ಕೊಂಚ ಉದ್ದ ಮಾಡುವುದು ಒಳ್ಳೆಯದು.

– ಮರಗೆಲಸದವರು, ಡೊಂಬಿವಲಿ