ಲ್ಯಾವೆಂಡರ್ ಒಣಗಿಸುವ ಬಗೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಾವಿಲ್ಲಿ ಕ್ಷೇಮ, ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅತ್ತಿಗೆಯವರ ಸೀರೆಗಳ ನಡುವೆ ಇಡಲು, ಲ್ಯಾವೆಂಡರ್ ಎಂಬ ಪರಿಮಳದ ಗಿಡದ ಒಣ ಮೊಗ್ಗುಗಳನ್ನು ತುಂಬಿದ ಪುಟ್ಟ ಚೀಲಗಳನ್ನು ಕಳುಹಿಸುತ್ತಿದ್ದೇನೆ. ಅವನ್ನು ಮಾಡುವ ಬಗೆಯನ್ನು ನೀನು ಕೇಳಿದ್ದರಿಂದ ಪತ್ರ ತುಸು ಉದ್ದವಾಗುತ್ತದೆ.

ಇಂಗ್ಲೆಂಡಿನಲ್ಲಿ ಜುಲೈ ಬಂತೆಂದರೆ ಲ್ಯಾವೆಂಡರ್ ಕೊಯ್ಯುವ ಕಾಲ. ತೆನೆಯಲ್ಲಿ ಅಲ್ಲೊಂದು ಇಲ್ಲೊಂದು ಹೂ ಅರಳಿ, ಉಳಿದವು ಇನ್ನೂ ನೇರಳೆ ಮೊಗ್ಗಾಗಿರುವಾಗಲೇ ಕತ್ತರಿಸಬೇಕು. ಪೂರ್ತಿ ಅರಳಲು ಬಿಟ್ಟರೆ ಒಣಗಿದ ಮೇಲೆ ಕಂದಾಗಿ ಉದುರಿಹೋಗುತ್ತವೆ. ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ ಕೊಯ್ಯುವುದು ವಾಡಿಕೆ. ಪರಿಮಳದ ತೈಲ ಹೆಚ್ಚಾಗಿ ಇರುವುದು ದಳವನ್ನು ಹಿಡಿದಿರುವ, ಉದ್ದುದ್ದ ಗೀರುಗಳುಳ್ಳ ಪುಟ್ಟ ಬಟ್ಟಲಿನಲ್ಲಿ. ಆದ್ದರಿಂದಲೇ ದಳಗಳು ಉದುರಿದರೂ ವಾಸನೆ ಉಳಿಯುತ್ತದೆ.

ಕಟ್ಟುಗಳು ತೆಳ್ಳಗಿರಲಿ. ದಪ್ಪ ಕಟ್ಟಿನ ಒಳಗೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಒಣಗುತ್ತಾ ಕಡ್ಡಿಗಳು ಸೊರಗುವುದರಿಂದ ದಾರಕ್ಕಿಂತ ರಬ್ಬರ್ ಬ್ಯಾಂಡೇ ಮೇಲು. ದಾರವಾದರೆ ಕಟ್ಟು ಸಡಿಲಗೊಂಡು ಕಡ್ಡಿಗಳು ಒಂದೊಂದಾಗಿ ಜಾರುತ್ತವೆ. ಮೆಣಸಿನಕಾಯಿಯಿಂದ ಹಪ್ಪಳದವರೆಗೆ ಎಲ್ಲವನ್ನೂ ಮಾಳಿಗೆಯ ಬಿಸಿಲಿಗೆ ಹಾಕಿ ಬೆಳೆದ ನಮಗೆ ಒಪ್ಪಿಕೊಳ್ಳುವುದು ಕಷ್ಟವಾದರೂ, ಇದಕ್ಕೆ ಬಿಸಿಲು ಆಗದು: ಬಣ್ಣ ಮಾಸುತ್ತದೆ, ತೈಲ ಆರಿಹೋಗುತ್ತದೆ. ಗಾಳಿಯಾಡುವ ಕತ್ತಲೆ ಕೋಣೆಯಲ್ಲಿ ತಲೆಕೆಳಗಾಗಿ ತೂಗುಹಾಕಿ ಎರಡರಿಂದ ನಾಲ್ಕು ವಾರ ಬಿಡಬೇಕು. ಕಡ್ಡಿಯನ್ನು ಬಗ್ಗಿಸಿದಾಗ ಬಾಗದೆ ಪಟ್ಟನೆ ಮುರಿದರೆ ಹದವಾಯಿತೆಂದು ತಿಳಿ. ಆಮೇಲೆ ಮೊರದ ಮೇಲೆ ಹಿಡಿದು ಅಂಗೈಗಳ ನಡುವೆ ಮೆಲ್ಲನೆ ಉಜ್ಜಿದರೆ ಮೊಗ್ಗುಗಳು ಉದುರುತ್ತವೆ.

ಚೀಲಕ್ಕೆ ಒತ್ತಾಗಿ ನೇಯ್ದ ಹತ್ತಿ ಬಟ್ಟೆ ಸಾಕು, ಹಳೆಯ ಪಂಚೆಯಾದರೂ ಸರಿ. ಅಂಗಡಿಯ ಜಾಲರಿ ಚೀಲಗಳು ನೋಡಲು ಚೆಂದವೇ ಹೊರತು, ಅವುಗಳಿಂದ ಸೀರೆಯ ಮಡಿಕೆಗಳಿಗೆಲ್ಲ ಹುಡಿ ಸುರಿಯುತ್ತದೆ. ವಾಸನೆ ಕುಗ್ಗಿದಾಗ ಚೀಲವನ್ನು ಬೆರಳುಗಳಿಂದ ಹಿಸುಕಿದರೆ ಮತ್ತೆ ಏಳುತ್ತದೆ. ರೇಷ್ಮೆಯ ಮೇಲೆ ಕಲೆಯಾಗುವುದರಿಂದ ತೈಲದ ಹನಿಗಳನ್ನು ಮಾತ್ರ ಸೇರಿಸಬೇಡ. ನುಸಿಯ ಪತಂಗಗಳು ಈ ವಾಸನೆಗೆ ದೂರವಿರುತ್ತವೆ ಎನ್ನುತ್ತಾರೆ. ಆದರೆ ಬಟ್ಟೆಯಲ್ಲಿ ಈಗಾಗಲೇ ಸೇರಿಕೊಂಡಿರುವ ಹುಳುವನ್ನು ಇದು ಕೊಲ್ಲುತ್ತದೆಂದು ನಂಬಿ ಕೂರಬೇಡ.

ನಿಮ್ಮ ಮಂಗಳೂರಿನ ಮಳೆಗೆ ಈ ಗಿಡ ಬಾಳುವುದು ಕಷ್ಟ. ಜಮ್ಮುವಿನ ಭದರ್ವಾಹದ ರೈತರು ಈಗ ಇದನ್ನು ಬೆಳೆಯುತ್ತಿದ್ದಾರೆ. ಒಣ ಹೂ ಬೇಕಾದರೆ ಆ ಕಡೆಯದನ್ನೇ ತರಿಸಿಕೊಳ್ಳಬಹುದು. ನೀರು ತಾಗಿದಷ್ಟೂ ಘಮಘಮಿಸುವ ನಮ್ಮ ಲಾವಂಚದಂತಲ್ಲ ಇದು, ತೇವ ತಾಗಿದರೆ ಕೆಟ್ಟಿತು. ಈಗ ಕಳುಹಿಸುತ್ತಿರುವ ಚೀಲಗಳನ್ನು ಮಳೆಗಾಲ ಮುಗಿಯುವವರೆಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಟ್ಟು, ಆಮೇಲೆ ಬೀರುವಿಗೆ ಇಡಲು ಅತ್ತಿಗೆಯವರಿಗೆ ಹೇಳು.

ಇಂತಿ ನಿನ್ನ ಗೆಳೆಯ