ಹನ್ನೆರಡು ಹಾಸಿಗೆಗಾಗಿ ಉನ್ನತ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದವಳು ನಾನು. ಸೇವೆಯಲ್ಲಿದ್ದಾಗ ಹೀಗೆ ಬಹಿರಂಗವಾಗಿ ಬರೆಯುವ ಹಾಗಿರಲಿಲ್ಲ. ಬರೆಯಬೇಕಾದ್ದನ್ನೆಲ್ಲ ಪ್ರಾಂಶುಪಾಲರ ಮೂಲಕವೇ ಬರೆದೆ. ಆ ಪತ್ರಗಳ ನಕಲು ಮನೆಯ ಬೀರುವಿನಲ್ಲಿ ಒಂದು ಫೈಲು ತುಂಬ ಇವೆ. ಉತ್ತರ ಬಂದದ್ದು ಎರಡಕ್ಕೆ, ಎರಡರಲ್ಲೂ ‘ಪರಿಶೀಲಿಸಲಾಗುವುದು’ ಎಂದಿತ್ತು. ಈಗ ನಿವೃತ್ತಿಯಾಗಿದ್ದೇನೆ. ಆದರೂ ಸಂಜೆ ನಾಲ್ಕೂವರೆಗೆ ಅದೇ ಅಂಗಳಕ್ಕೆ ಹೋಗಿ ಹುಡುಗಿಯರಿಗೆ ವಾಲಿಬಾಲ್ ಕಲಿಸುತ್ತೇನೆ. ಬಿಟ್ಟಿರಲು ಆಗುವುದಿಲ್ಲ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಹೆಣ್ಣುಮಕ್ಕಳ ತಂಡ ಕಟ್ಟುವ ಪ್ರತಿ ಸರ್ಕಾರಿ ಪದವಿ ಕಾಲೇಜಿಗೆ ಸರ್ಕಾರಿ ಹಾಸ್ಟೆಲಿನಲ್ಲಿ ಹನ್ನೆರಡು ಹಾಸಿಗೆ ಮೀಸಲಿಡಿ. ಪ್ರವೇಶ ಶುರುವಾಗುವ ಮೊದಲೇ ಅದನ್ನು ಆದೇಶ ಮಾಡಿ. ಹನ್ನೆರಡು ಏಕೆಂದರೆ, ಅಂಗಳದಲ್ಲಿ ಆಡುವವರು ಆರು ಮಂದಿಯಾದರೂ ನಾವು ಊರು ಬಿಟ್ಟು ಪಂದ್ಯಕ್ಕೆ ಹೊರಡುವಾಗ ಕರೆದೊಯ್ಯುವುದು ಹನ್ನೆರಡು ಮಂದಿಯನ್ನು. ಕಟ್ಟಡ ಕೇಳುತ್ತಿಲ್ಲ. ಒಳಾಂಗಣ ಕ್ರೀಡಾಂಗಣ ಕೇಳುತ್ತಿಲ್ಲ. ಹಾಸಿಗೆ ಕೇಳುತ್ತಿದ್ದೇನೆ.

ಹಾಸಿಗೆಗೂ ವಾಲಿಬಾಲಿಗೂ ಏನು ಸಂಬಂಧ ಎಂದು ನಿಮ್ಮ ಕಚೇರಿಯವರು ಕೇಳಬಹುದು. ಹೇಳುತ್ತೇನೆ.

ತಂಡಕ್ಕೆ ಲಿಬೆರೊ, ಅಂದರೆ ಹಿಂದೆ ನಿಂತು ಎದುರಿನವರ ಹೊಡೆತ ಎತ್ತುವವಳು, ಸಿಗುತ್ತಾಳೆ. ಖೋ ಖೋ ಆಡಿ ಬಂದ ಚುರುಕಾದ ಹುಡುಗಿಗೆ ಬಗ್ಗಿ ಚೆಂಡೆತ್ತುವುದನ್ನು ಕಲಿಸಬಹುದು. ಹೊಡೆಯುವವಳಿಗೆ ಚೆಂಡು ಎತ್ತಿಕೊಡುವ ಲಿಫ್ಟರ್ ಕೂಡ ಸಿಗುತ್ತಾಳೆ, ತಾಳ್ಮೆಯಿಂದ ತಿದ್ದಬೇಕು ಅಷ್ಟೆ. ಸಿಗದವಳು ಅಟ್ಯಾಕರ್, ನೆಟ್‌ನ ಮೇಲಿಂದ ಚೆಂಡು ಬಡಿಯುವವಳು. ಹೆಂಗಸರ ಪಂದ್ಯದಲ್ಲಿ ನೆಟ್‌ನ ಎತ್ತರ 2.24 ಮೀಟರ್. ಐದು ಅಡಿ ಎಂಟು ಇಂಚಿನ ಹುಡುಗಿ ನಿಂತಲ್ಲೇ ಕೈ ಎತ್ತಿದರೆ ಬೆರಳ ತುದಿ ಸುಮಾರು ಅಲ್ಲಿಗೆ ಬರುತ್ತದೆ. ಅದರಿಂದ ಮೇಲಕ್ಕೆ, ಎದುರಿನವರು ತಡೆಯಲು ಎತ್ತಿದ ಕೈಗಳನ್ನು ದಾಟಿ ಚೆಂಡನ್ನು ಕೆಳಕ್ಕೆ ಬಡಿಯಬೇಕಾದರೆ ಓಡಿ ಬಂದು ಎರಡು ಕಾಲಿನ ಮೇಲೆ ಚಿಮ್ಮಬೇಕು, ಗಾಳಿಯಲ್ಲಿ ಚೆಂಡಿಗೆ ಕಾಯಬೇಕು, ಮತ್ತೆ ಎರಡೂ ಕಾಲಿನ ಮೇಲೆ ಮಂಡಿ ಮಡಿಸಿ ಇಳಿಯಬೇಕು. ಒಂಟಿ ಕಾಲಲ್ಲಿ ಇಳಿದರೆ ಮಂಡಿಯೊಳಗಿನ ಕಟ್ಟು ಹರಿಯುವ ಭಯ. ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೇ ಹೆಚ್ಚು ಆಗುತ್ತದೆ. ಆದ್ದರಿಂದ ಮೊದಲ ಆರು ತಿಂಗಳು ನಾನು ಚೆಂಡು ಹೊಡೆಸುವುದಕ್ಕಿಂತ ಇಳಿಯುವುದನ್ನೇ ಕಲಿಸುತ್ತೇನೆ.

ಇನ್ನೊಂದು ತೊಡಕಿದೆ. ನಮ್ಮ ಹೈಸ್ಕೂಲುಗಳಲ್ಲಿ ಎತ್ತರದ ಹುಡುಗಿಯರು ಬೆಳೆಯುವುದು ಥ್ರೋಬಾಲ್ ಆಡಿಕೊಂಡು. ಅಲ್ಲಿ ಚೆಂಡು ಹಿಡಿದು ಎಸೆಯಬೇಕು, ಇಲ್ಲಿ ಹಿಡಿದರೆ ತಪ್ಪು. ಐದಾರು ವರ್ಷ ಕೈಗೆ ಕೂತ ಅಭ್ಯಾಸ ಬಿಡಿಸಲು ಒಂದು ವರ್ಷ ಬೇಕು. ಎರಡನೆಯ ವರ್ಷ ಲಿಫ್ಟಿಗೆ ಸರಿಯಾಗಿ ಹೊರಡುವ ಸಮಯ ಕೂರುತ್ತದೆ. ಮೂರನೆಯ ವರ್ಷ ಅವಳು ನಿಜವಾಗಿ ಪಂದ್ಯ ಗೆಲ್ಲಿಸುತ್ತಾಳೆ. ಪದವಿ 2024ರಿಂದ ಮತ್ತೆ ಮೂರು ವರ್ಷಕ್ಕೇ ಇಳಿದಿದೆ, ಅದು ನಿಮ್ಮದೇ ಇಲಾಖೆಯ ಆದೇಶ, ನಿಮಗೆ ಗೊತ್ತೇ ಇದೆ. ಅಂದರೆ ಮೊದಲ ವರ್ಷದ ಮೊದಲ ತಿಂಗಳಿಂದಲೇ ದಿನಾ ಎರಡು ಹೊತ್ತು ಅಂಗಳಕ್ಕೆ ಇಳಿಯದಿದ್ದರೆ ಅಟ್ಯಾಕರ್ ತಯಾರಾಗುವುದೇ ಇಲ್ಲ. ಬೆಳಿಗ್ಗೆ ಆರಕ್ಕೆ, ಸಂಜೆ ಏಳರವರೆಗೆ. ಹಳ್ಳಿಯಿಂದ ಬಂದು ಹೋಗುವ ಹುಡುಗಿಗೆ ಇದು ಆಗುವ ಮಾತೇ?

2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತು. ಅದರಿಂದ ನಮ್ಮ ಮಕ್ಕಳಿಗೆ ನಿಜವಾಗಿ ಉಪಕಾರವಾಗಿದೆ, ಸರ್ಕಾರಕ್ಕೆ ಕೈ ಮುಗಿಯುತ್ತೇನೆ. ಆದರೆ ನಮ್ಮ ತಂಡದ ಅರ್ಧ ಮಕ್ಕಳ ಊರಿಗೆ ಕೊನೆಯ ಬಸ್ಸು ಐದೂಮುಕ್ಕಾಲಿಗೆ. ಅಭ್ಯಾಸಕ್ಕೆ ಮೈ ಬೆಚ್ಚಗಾಗುವ ಹೊತ್ತಿಗೆ ಅವರು ಬ್ಯಾಗು ಎತ್ತಿಕೊಂಡು ಓಡುತ್ತಾರೆ.

ಈಗ ಒಬ್ಬ ಹುಡುಗಿಯ ವಿಷಯ. ಹೆಸರು ಹೇಳುವುದಿಲ್ಲ. ಈ ಪತ್ರ ಬರೆಯುತ್ತಿರುವುದೇ ಅವಳಿಗಾಗಿ.

ಪ್ರತಿ ವರ್ಷ ಪಿಯುಸಿ ಮಕ್ಕಳ ತಾಲ್ಲೂಕು ಪಂದ್ಯಗಳು ನಡೆಯುವಾಗ ನಾನು ನೋಟ್‌ಬುಕ್ಕು ಹಿಡಿದು ಗಡಿಯ ಗೆರೆಯ ಪಕ್ಕ ಕೂರುತ್ತಿದ್ದೆ. ಯಾರು ಗೆದ್ದರು ಎಂದು ನೋಡುವುದಕ್ಕಲ್ಲ. ಯಾರ ಕೈ ಉದ್ದ, ಯಾರ ಹೆಜ್ಜೆ ಹಗುರ, ಸೋತಾಗ ಯಾರು ಇನ್ನೊಬ್ಬರ ಮೇಲೆ ರೇಗುವುದಿಲ್ಲ, ಅದನ್ನು ಬರೆದುಕೊಳ್ಳಲು. ಹಾಗೆ ಕೂತಿದ್ದಾಗ ಥ್ರೋಬಾಲ್ ಅಂಗಳದಲ್ಲಿ ಅವಳನ್ನು ಕಂಡೆ. ಐದು ಅಡಿ ಹತ್ತು ಇಂಚು. ಎಡಗೈ. ವಾಲಿಬಾಲ್ ಬಲ್ಲವರಿಗೆ ಎಡಗೈ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ: ನೆಟ್‌ನ ಬಲಗಡೆಯಿಂದ ಹೊಡೆಯಲು ಎಡಗೈಯವಳಿಗೆ ಇರುವ ಅನುಕೂಲ ಬೇರೆ ಯಾರಿಗೂ ಇಲ್ಲ. ಇಪ್ಪತ್ತಾರು ವರ್ಷದಲ್ಲಿ ಅಂಥವಳು ನನಗೆ ಸಿಕ್ಕಿದ್ದು ಇಬ್ಬರೇ.

ಅವರ ಮನೆಗೆ ನಾಲ್ಕು ಸಲ ಹೋದೆ. ಅಪ್ಪ ಒಂದೂವರೆ ಎಕರೆಯಲ್ಲಿ ಕಬ್ಬು ಹಾಕಿದ್ದರು. ಅಜ್ಜಿ ಮೊದಲ ದಿನ, ‘ಕಾಲು ಮುರ್ಕಂಡ್ರೆ ಯಾರವ್ವ ಕಟ್ಕತಾರೆ ಈ ಮಗೀನ?’ ಎಂದು ಎದ್ದು ಒಳಗೆ ಹೋದರು. ಅಪ್ಪ ಸಿಟ್ಟು ಮಾಡಲಿಲ್ಲ. ‘ಓದ್ಸಕೆ ನಮ್ಗೇನು ಬ್ಯಾಸ್ರ ಇಲ್ಲ ಮೇಡಮ್ಮೋರೆ. ಆಟನೂ ಆಡ್ಲಿ. ರಾತ್ರಿ ಎಲ್ಲಿ ಮನಿಕತಾಳೆ, ಅದ ಒಂದ ಹೇಳಿ’ ಎಂದರು.

ಸಚಿವರೇ, ನಾನು ಹೋದ ಮನೆಗಳಲ್ಲೆಲ್ಲ ಕಡೆಗೆ ಬಂದು ನಿಲ್ಲುವುದು ಈ ಒಂದೇ ಪ್ರಶ್ನೆ. ಶೂ ಯಾರು ಕೊಡಿಸುತ್ತಾರೆ ಎಂದು ಯಾರೂ ಕೇಳಿಲ್ಲ. ಕೆಲಸ ಸಿಗುತ್ತದಾ ಎಂದು ಕೇಳುವವರೂ ಕಡಿಮೆ. ರಾತ್ರಿ ಎಲ್ಲಿ ಮಲಗುತ್ತಾಳೆ? ಇದಕ್ಕೆ ಉತ್ತರ ನನ್ನ ಕೈಯಲ್ಲಿರಲಿಲ್ಲ, ಇಂದಿಗೂ ಇಲ್ಲ.

‘ಹಾಸ್ಟೆಲು ಕೊಡಿಸ್ತೀನಿ’ ಎಂದು ಮಾತು ಕೊಟ್ಟೆ. ಕೊಡಬಾರದಿತ್ತು. ಹಾಸ್ಟೆಲಿನ ಸೀಟು ಅಂಕ ಮತ್ತು ಮೀಸಲಾತಿ ನೋಡಿ ಹಂಚುತ್ತಾರೆ, ನಿಯಮ ನಿಮಗೆ ಗೊತ್ತಿರುವುದೇ. ಜಿಲ್ಲಾ ಮಟ್ಟದಲ್ಲಿ ಆಡಿದ ಅವಳ ಪ್ರಮಾಣಪತ್ರಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಮೊದಲ ವರ್ಷ ಸೀಟು ಸಿಗಲಿಲ್ಲ. ಹೋಗುತ್ತಾ ಬರುತ್ತಾ ಎಪ್ಪತ್ತು ಕಿಲೋಮೀಟರು ಓಡಾಡಿದಳು. ಬೆಳಗಿನ ಅಭ್ಯಾಸ ಅವಳಿಗೆ ದಕ್ಕಲೇ ಇಲ್ಲ. ನಾನು ಕಾಲೇಜಿನಿಂದ ಹಾಸ್ಟೆಲಿನವರ ಕಚೇರಿಗೆ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಅಲೆದೆ. ಕಾಲೇಜು ಒಂದು ಇಲಾಖೆ, ಹಾಸ್ಟೆಲು ಇನ್ನೊಂದು, ಕ್ರೀಡೆ ಮೂರನೆಯದು. ಮೂವರೂ ಕುರ್ಚಿ ಕೊಟ್ಟು ಕೂರಿಸಿ ಮಾತಾಡಿದರು, ಮೂವರೂ ಇನ್ನಿಬ್ಬರ ಕಡೆ ಕೈ ತೋರಿಸಿದರು.

ಎರಡನೆಯ ವರ್ಷ ಅವಳಿಗೆ ಒಂದು ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಐದೇ ತಿಂಗಳಲ್ಲಿ ಹುಡುಗಿ ಬೇರೆಯೇ ಆದಳು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ಎರಡು ಹೊತ್ತಿನ ಅಭ್ಯಾಸ. ನೆಟ್‌ನಿಂದ ಮೂರು ಮೀಟರ್ ದೂರದ ಗೆರೆಯ ಹಿಂದಿನಿಂದಲೇ ಹಾರಿ ಹೊಡೆಯತೊಡಗಿದಳು. ಅಂತರ ಕಾಲೇಜು ಪಂದ್ಯಾವಳಿಯಲ್ಲಿ ನಾವು ಮೊದಲ ಸಲ ಸೆಮಿಫೈನಲ್ ತಲುಪಿದೆವು. ವಿಶ್ವವಿದ್ಯಾಲಯ ತಂಡದ ಆಯ್ಕೆಗೆ ಅವಳಿಗೆ ಕರೆ ಬಂತು.

ಆ ಆಯ್ಕೆಗೆ ಎಂಟು ದಿನ ಇರುವಾಗ ಅಭ್ಯಾಸ ಮುಗಿಸಿ ಅವಳು ಹಾಸ್ಟೆಲಿಗೆ ಹೋದದ್ದು ಏಳೂ ನಲವತ್ತಕ್ಕೆ. ಗೇಟು ಏಳೂವರೆಗೆ ಹಾಕಿದ್ದರು. ಕಾಲೇಜಿನ ಮೊಹರು ಒತ್ತಿದ ಅನುಮತಿ ಪತ್ರ ಅವಳ ಬ್ಯಾಗಿನಲ್ಲೇ ಇತ್ತು. ಗೇಟಿನ ಸಂದಿಯಲ್ಲಿ ಕೈ ಹಾಕಿ ತೋರಿಸಿದಳಂತೆ. ‘ಇಲ್ಲಿ ಇದು ನಡೆಯಲ್ಲ’ ಎಂದು ಒಳಗಿದ್ದವರು ದೀಪ ಆರಿಸಿದರು. ಬೆವರಿನಲ್ಲಿ ನೆನೆದ ಬಟ್ಟೆಯಲ್ಲಿ ಒಂಬತ್ತು ಗಂಟೆಯವರೆಗೆ ಆ ಹುಡುಗಿ ಬೀದಿಯಲ್ಲಿ ನಿಂತಿದ್ದಳು. ನನಗೆ ಫೋನು ಮಾಡಲೂ ಹೆದರಿದ್ದಳು, ನನಗೆ ತೊಂದರೆಯಾಗುತ್ತದೆ ಎಂದು. ಕಡೆಗೆ ಎದುರಿನ ಅಂಗಡಿಯಾತ ನಂಬರು ಕೇಳಿ ಫೋನು ಮಾಡಿದ. ಹೋಗಿ ಮನೆಗೆ ಕರೆತಂದೆ. ರಾತ್ರಿ ಊಟ ಮಾಡಲಿಲ್ಲ. ‘ಅಪ್ಪಂಗೆ ಹೇಳ್ಬೇಡಿ ಮೇಡಂ’ ಎಂದಷ್ಟೇ ಹೇಳಿದಳು.

ನಾನು ಹೇಳುವ ಮೊದಲೇ ಹಾಸ್ಟೆಲಿನವರು ಹೇಳಿದ್ದರು. ಮರುದಿನ ಹತ್ತು ಗಂಟೆಗೆ ಅಪ್ಪನನ್ನು ಕರೆಸಿದ್ದರು. ನಾನೂ ಅಲ್ಲಿದ್ದೆ. ನನ್ನ ಮುಂದೆ, ಆ ಹುಡುಗಿಯ ಮುಂದೆ, ಇನ್ನೂ ನಾಲ್ಕು ಮಕ್ಕಳ ಮುಂದೆ ಆ ಮನುಷ್ಯನಿಗೆ ಅಲ್ಲಿಯವರು ಹೇಳಿದ ಮಾತು ಇದು: ‘ರಾತ್ರಿಯೆಲ್ಲ ಎಲ್ಲಿದ್ದಳು ಅಂತ ನಿಮ್ಮ ಮಗಳನ್ನೇ ಕೇಳಿ.’

ನನ್ನ ಮನೆಯಲ್ಲಿದ್ದಳು ಎಂದು ನಾನು ಕೂಗಿ ಹೇಳಿದೆ. ಅಂಗಳದಲ್ಲಿದ್ದಳು, ನೀವು ಮುಚ್ಚಿದ ಗೇಟಿನ ಮುಂದೆ ಇದ್ದಳು ಎಂದೆ. ಹಾಗೆ ನಾನು ಯಾರ ಮುಂದೆಯೂ ದನಿ ಎತ್ತಿದವಳಲ್ಲ. ಅಪ್ಪ ನನ್ನನ್ನು ನಂಬಿದರು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ಮಾತು ಆಡಿ ಆಗಿತ್ತು, ನಾಲ್ವರು ಕೇಳಿ ಆಗಿತ್ತು, ಅದು ಊರು ತಲುಪುವುದು ತಪ್ಪುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಟ್ರಂಕು ಹೊತ್ತುಕೊಂಡು ಮಗಳನ್ನು ಕರೆದುಕೊಂಡು ಹೋದರು. ಹಾಸ್ಟೆಲಿನವರು ಅವಳ ಹೆಸರನ್ನು ಅಶಿಸ್ತಿನ ಕಾರಣ ಹಾಕಿ ತೆಗೆದರು. ಆಯ್ಕೆಯ ದಿನ ಅವಳು ಬರಲಿಲ್ಲ. ಪರೀಕ್ಷೆಗೂ ಬರಲಿಲ್ಲ.

ಈಗ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಬೆಳಿಗ್ಗೆ ಊರೂರಿಗೆ ಬಂದು ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೋಗುವ ವ್ಯಾನಿನಲ್ಲಿ ಒಂದು ದಿನ ಕಂಡೆ. ನಿಂತಿದ್ದಳು. ವ್ಯಾನಿನ ಸೂರಿಗೆ ತಲೆ ತಾಗುತ್ತದೆಂದು ಕತ್ತು ಬಗ್ಗಿಸಿಕೊಂಡಿದ್ದಳು. ನನ್ನನ್ನು ನೋಡಿ ಎಡಗೈ ಎತ್ತಿದಳು.

ಆ ದಿನ ಮನೆಗೆ ಬಂದು ಫೈಲು ತೆಗೆದೆ. ಹನ್ನೆರಡು ಹಾಸಿಗೆ ಎಂದು ನಾನು ಮೊದಲ ಸಲ ಬರೆದದ್ದು 2006ರಲ್ಲಿ.

1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ವಾಲಿಬಾಲ್ ಸೇರಿಸಿದಾಗ ಹೆಂಗಸರ ಚಿನ್ನ ಗೆದ್ದದ್ದು ಜಪಾನ್. ಆ ತಂಡದ ಹೆಚ್ಚಿನವರು ಒಂದೇ ಜವಳಿ ಗಿರಣಿಯ ಕೆಲಸಗಾರ್ತಿಯರು. ಹಗಲು ಗಿರಣಿ, ಸಂಜೆಯಿಂದ ನಡುರಾತ್ರಿವರೆಗೆ ಅಭ್ಯಾಸ, ಮಲಗಲು ಗಿರಣಿಯವರದೇ ಹಾಸ್ಟೆಲು. ಅಷ್ಟು ಕಠಿಣವಾಗಿ ನಾನು ನನ್ನ ಮಕ್ಕಳನ್ನು ದುಡಿಸುವುದಿಲ್ಲ, ದುಡಿಸಬಾರದು ಕೂಡ. ಆದರೆ ಹೊಲಿಗೆ ಯಂತ್ರದ ಮುಂದೆ ಕೂತ ನನ್ನ ಎಡಗೈ ಹುಡುಗಿಯನ್ನು ನೆನೆದಾಗಲೆಲ್ಲ ಆ ಗಿರಣಿಯ ಹಾಸ್ಟೆಲು ನೆನಪಾಗುತ್ತದೆ.

ದೂರವೇಕೆ ಹೋಗಬೇಕು. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಆಟದ ಮಕ್ಕಳಿಗೆ ಊಟ, ವಸತಿ, ಓದು ಕೊಟ್ಟು ಬೆಳೆಸುತ್ತಾರೆ, ನಾಡಿಗೆಲ್ಲ ಗೊತ್ತು. ನಮ್ಮ ಕಡೆಯ ಒಳ್ಳೆಯ ಹುಡುಗಿಯರನ್ನು ಹೊರಗಿನ ಖಾಸಗಿ ಕಾಲೇಜುಗಳು ಕರೆದೊಯ್ದರೆ ನನಗೆ ಹೊಟ್ಟೆಕಿಚ್ಚಿಲ್ಲ, ಅಲ್ಲಾದರೂ ಆಡಲಿ. ಆದರೆ ಅವರು ಕರೆಯುವುದು ಆಗಲೇ ಹೆಸರು ಮಾಡಿದ ಐದಾರು ಮಂದಿಯನ್ನು. ಇನ್ನೂ ಚೆಂಡು ಹೊಡೆಯಲು ಬಾರದ, ಎತ್ತರವೊಂದೇ ಇರುವ ಹದಿನೇಳರ ಹುಡುಗಿಯನ್ನು ಸರ್ಕಾರಿ ಕಾಲೇಜು ಕರೆಯದಿದ್ದರೆ ಯಾರು ಕರೆಯುತ್ತಾರೆ? ಹೆಂಗಸರ ರಾಷ್ಟ್ರೀಯ ವಾಲಿಬಾಲ್ ಎಂದರೆ ವರ್ಷ ವರ್ಷ ಕೇರಳ ಮತ್ತು ರೈಲ್ವೇಸ್ ಎಂದೇ ಕೇಳುತ್ತೇವೆ. ಕೇರಳದ ಹುಡುಗಿಯರಿಗೆ ಎತ್ತರ ನಮ್ಮವರಿಗಿಂತ ಹೆಚ್ಚು ಕೊಟ್ಟಿಲ್ಲ ದೇವರು. ಅಲ್ಲಿ ಕಾಲೇಜಿನ ಪಕ್ಕ ಹಾಸ್ಟೆಲಿದೆ, ಹಾಸ್ಟೆಲಿನ ಪಕ್ಕ ಅಂಗಳವಿದೆ, ಚಂಗನಾಶ್ಶೇರಿಯ ಅಸಂಪ್ಷನ್‌ನಂಥ ಕಾಲೇಜುಗಳು ಇದನ್ನು ದಶಕಗಳಿಂದ ಮಾಡುತ್ತಾ ಬಂದಿವೆ.

2022ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟವನ್ನು ಬೆಂಗಳೂರಿನಲ್ಲೇ ನಡೆಸಿದೆವು. ದೇಶದ ಮಕ್ಕಳಿಗೆಲ್ಲ ಅಷ್ಟು ದಿನ ಮಲಗಲು ಜಾಗ ಮಾಡಿಕೊಟ್ಟ ರಾಜ್ಯ ನಮ್ಮದು. ನನ್ನ ಹನ್ನೆರಡು ಹುಡುಗಿಯರಿಗೆ ಜಾಗ ಯಾಕಿಲ್ಲ?

ಸಚಿವರೇ, ದಯವಿಟ್ಟು ಮೂರು ಇಲಾಖೆಯವರನ್ನು ಒಂದು ಮೇಜಿನ ಮುಂದೆ ಕೂರಿಸಿ. ಹನ್ನೆರಡು ಹಾಸಿಗೆ ಎಂದು ಬರೆಸಿ. ಅಭ್ಯಾಸದಿಂದ ಬರುವ ಹುಡುಗಿಗೆ ಕಾಲೇಜಿನ ಪತ್ರವಿದ್ದರೆ ಎಂಟೂವರೆಯವರೆಗೆ ಗೇಟು ತೆರೆಯಬೇಕು ಎಂದು ಅದರ ಕೆಳಗೇ ಬರೆಸಿ. ಅವಳಿಗೆಂದು ತೆಗೆದಿಟ್ಟ ಊಟ ಬಿಸಿಯಾಗಿರಬೇಕು ಎಂದೂ ಬರೆಸಿದರೆ ನಿಮ್ಮ ಹೆಸರನ್ನು ಬದುಕಿರುವವರೆಗೆ ನೆನೆಯುತ್ತೇನೆ. ಯಾವ ಹೆಣ್ಣುಮಗುವನ್ನೂ ಅಪ್ಪನ ಎದುರು ಹಾಗೆ ನಿಲ್ಲಿಸಬಾರದು ಎಂದು ಆದೇಶದಲ್ಲಿ ಬರೆಯಲು ಬರುವುದಾದರೆ ಅದನ್ನೂ ಬರೆಸಿ.

ಈ ಸಲ ಪಿಯುಸಿ ಮುಗಿಸುವ ಇನ್ನೊಬ್ಬಳನ್ನು ನೋಡಿದ್ದೇನೆ. ಐದು ಅಡಿ ಒಂಬತ್ತು ಇಂಚು, ಬಲಗೈ, ಹೆಜ್ಜೆ ಬೆಕ್ಕಿನ ಹಾಗೆ. ಹೋದ ಭಾನುವಾರ ಅವರ ಮನೆಗೆ ಹೋಗಿದ್ದೆ. ಅಮ್ಮ ಕಾಫಿ ಕೊಟ್ಟು ಎದುರಿಗೆ ಕೂತು ಕೇಳಿದ್ದು ಅದನ್ನೇ, ರಾತ್ರಿ ಎಲ್ಲಿ ಮಲಗ್ತಾಳೆ ಎಂದು. ಈ ಸಲ ನಾನು ಮಾತು ಕೊಡಲಿಲ್ಲ. ಕೇಳಿ ಹೇಳ್ತೀನಿ ಕಣಮ್ಮ ಎಂದು ಎದ್ದು ಬಂದೆ. ನಿಮ್ಮನ್ನು ಕೇಳುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕಿ
ಮಂಡ್ಯ ಜಿಲ್ಲೆ