ಪೋಷಕರಿಗೆ ಪತ್ರ: ಮಕ್ಕಳ ಅಥವಾ ನಿಮ್ಮ ಖಾತೆ ಕಳ್ಳರ ಕೈಸೇರಿದರೆ

ಕಾರವಾರ

ಮಾನ್ಯ ಪೋಷಕರಿಗೆ ವಂದನೆಗಳು.

ನಮ್ಮ ಪ್ರತಿ ತರಗತಿಗೂ ವಾಟ್ಸಾಪ್ ಗ್ರೂಪ್ ಇದೆ. ದೊಡ್ಡ ತರಗತಿಯ ಮಕ್ಕಳಲ್ಲಿ ಇನ್‌ಸ್ಟಾಗ್ರಾಂ ಬಳಸುವವರೂ ಇದ್ದಾರೆ. ಗ್ರೂಪಿನಲ್ಲಿ ಒಬ್ಬರ ಖಾತೆ ಹ್ಯಾಕ್ ಆದರೆ ಉಳಿದವರಿಗೆ ಅದೇ ಹೆಸರಿನಿಂದ ಮೆಸೇಜ್ ಬರತೊಡಗುತ್ತದೆ. ಪರಿಚಯದವರ ಹೆಸರು ಕಂಡಾಗ ಯಾರೂ ಅನುಮಾನಪಡುವುದಿಲ್ಲ. ಅದಕ್ಕಾಗಿ ಈ ಪತ್ರ.

ಮೊದಲು ಒಂದು ಕೋರಿಕೆ. ‘ನನ್ನ ಇನ್‌ಸ್ಟಾ ಓಪನ್ ಆಗ್ತಿಲ್ಲ’ ಎಂದು ಮಗು ಹೇಳಿದರೆ ದಯವಿಟ್ಟು ಬೈಯಬೇಡಿ. ಬೈಗುಳಕ್ಕೆ ಹೆದರಿ ಮಗು ಎರಡು ದಿನ ಮುಚ್ಚಿಟ್ಟರೆ, ಅಷ್ಟರಲ್ಲಿ ಕಳ್ಳ ಖಾತೆಯ ಇಮೇಲ್, ಫೋನ್ ನಂಬರ್ ಎರಡನ್ನೂ ಬದಲಿಸಿರುತ್ತಾನೆ. ಖಾತೆಯನ್ನು ಮರಳಿ ಪಡೆಯಲು ನಮಗಿರುವ ಮುಖ್ಯ ದಾರಿ ಆ ಎರಡೇ.

ಹ್ಯಾಕ್ ಆಗಿದೆಯೇ ಎಂದು ಹೇಗೆ ತಿಳಿಯುವುದು? ಸರಿಯಾದ ಪಾಸ್‌ವರ್ಡನ್ನೇ ತಪ್ಪು ಎನ್ನುತ್ತದೆ. ನೀವು ಕೇಳದೆಯೇ ಓಟಿಪಿ ಬರುತ್ತದೆ. ನೀವು ಕಳಿಸದ ಮೆಸೇಜಿಗೆ ಉತ್ತರ ಬರುತ್ತದೆ. ‘ಇಮೇಲ್ ಬದಲಾಗಿದೆ’ ಎಂಬ ಸೂಚನೆ ಬರುತ್ತದೆ. ಆದರೆ ನಿಮ್ಮ ಖಾತೆ ಎಂದಿನಂತೆ ತೆರೆಯುತ್ತಿದ್ದು, ನಿಮ್ಮದೇ ಫೋಟೋ ಹಾಕಿದ ಇನ್ನೊಂದು ಖಾತೆ ಹಣ ಕೇಳುತ್ತಿದ್ದರೆ ಅದು ಹ್ಯಾಕ್ ಅಲ್ಲ, ನಕಲಿ ಖಾತೆ. ಅದಕ್ಕೆ ಪಾಸ್‌ವರ್ಡ್ ಬದಲಿಸಿ ಪ್ರಯೋಜನವಿಲ್ಲ. ಆ ಪ್ರೊಫೈಲಿಗೇ ಹೋಗಿ ‘ರಿಪೋರ್ಟ್’ ಒತ್ತಿ, ಬೇರೆಯವರಂತೆ ನಟಿಸುತ್ತಿದ್ದಾರೆ ಎಂಬುದನ್ನು ಆರಿಸಿ. ಪರಿಚಯದವರಿಂದಲೂ ಹಾಗೇ ಮಾಡಿಸಿ.

ನಮ್ಮ ಕಡೆ ಟವರ್ ಹೋಗುವುದು ಮಾಮೂಲಿ. ಹಾಗಾಗಿ ಒಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಕಂಪನಿಯ ಸಿಮ್ ಇರುವ ಪಕ್ಕದ ಮನೆಯವರಿಗೆ ಸಿಗ್ನಲ್ ಇದ್ದು ನಿಮ್ಮ ಫೋನಿನಲ್ಲಿ ಮಾತ್ರ ಗಂಟೆಗಟ್ಟಲೆ ಇಲ್ಲದಿದ್ದರೆ, ನಿಮ್ಮ ನಂಬರಿಗೆ ಬೇರೆ ಯಾರೋ ಹೊಸ ಸಿಮ್ ಪಡೆದಿರಬಹುದು. ತಕ್ಷಣ ಬೇರೆ ಫೋನಿನಿಂದ ಸಿಮ್ ಕಂಪನಿಗೂ ಬ್ಯಾಂಕಿಗೂ ತಿಳಿಸಿ.

ಇನ್ನು ವಾಟ್ಸಾಪ್. ಕಳ್ಳ ಒಳಬರುವುದು ಎರಡು ರೀತಿಯಲ್ಲಿ. ‘ತಪ್ಪಿ ನಿಮಗೆ ನನ್ನ ಕೋಡ್ ಬಂದಿದೆ, ಕಳಿಸಿ’ ಎಂದು 6 ಅಂಕಿಯ ಕೋಡ್ ಪಡೆದು ನಿಮ್ಮ ನಂಬರನ್ನು ತನ್ನ ಫೋನಿನಲ್ಲಿ ನೋಂದಾಯಿಸಿಕೊಳ್ಳುವುದು ಒಂದು. ‘ಯಕ್ಷಗಾನ ಸ್ಪರ್ಧೆಯಲ್ಲಿ ಮಗಳಿಗೆ ವೋಟ್ ಹಾಕಿ’ ಎಂಬಂಥ ಲಿಂಕ್ ಕೊಟ್ಟು, ನಿಮ್ಮಿಂದಲೇ 8 ಅಕ್ಷರಗಳ ಕೋಡ್ ಹಾಕಿಸಿ ತನ್ನ ಕಂಪ್ಯೂಟರನ್ನು ನಿಮ್ಮ ಖಾತೆಗೆ ಜೋಡಿಸಿಕೊಳ್ಳುವುದು ಇನ್ನೊಂದು. ಎರಡನೆಯದರಲ್ಲಿ ನಿಮ್ಮ ಫೋನಿನ ವಾಟ್ಸಾಪ್ ಎಂದಿನಂತೆ ನಡೆಯುವುದರಿಂದ ಗೊತ್ತೇ ಆಗುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ‘ಲಿಂಕ್ಡ್ ಡಿವೈಸಸ್’ ತೆರೆದು ನೋಡಿ, ನಿಮ್ಮದಲ್ಲದ್ದನ್ನು ಲಾಗ್ ಔಟ್ ಮಾಡಿ.

ವಾಟ್ಸಾಪ್ ನಿಮ್ಮನ್ನೇ ಹೊರಹಾಕಿದ್ದರೆ ನಿಮ್ಮ ನಂಬರ್ ಹಾಕಿ ಮತ್ತೆ ನೋಂದಣಿ ಮಾಡಿ. ಎಸ್‌ಎಂಎಸ್‌ನಲ್ಲಿ ಬಂದ 6 ಅಂಕಿಯ ಕೋಡ್ ಹಾಕಿದೊಡನೆ ಕಳ್ಳ ಹೊರಗೆ ಬೀಳುತ್ತಾನೆ. ಆಮೇಲೆ ನೀವು ಎಂದೂ ಇಡದ ಪಿನ್ ಕೇಳಿದರೆ ಅದು ಅವನು ಇಟ್ಟದ್ದು. ಗಾಬರಿಯಾಗಬೇಡಿ, 7 ದಿನ ಕಾದರೆ ಆ ಪಿನ್ ಇಲ್ಲದೆಯೇ ಖಾತೆ ತೆರೆಯುತ್ತದೆ. ಅಷ್ಟು ದಿನ ಅವನಿಗೂ ಪ್ರವೇಶ ಇರುವುದಿಲ್ಲ. ಅವಸರದಲ್ಲಿ ಕೋಡಿಗಾಗಿ ಮತ್ತೆ ಮತ್ತೆ ಒತ್ತಬೇಡಿ, ಒತ್ತಿದಷ್ಟೂ ಮುಂದಿನ ಕೋಡಿಗೆ ಕಾಯುವ ಅವಧಿ ಉದ್ದವಾಗುತ್ತದೆ.

ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನ, ‘ಎಪಿಕೆ’ ಎಂದು ಕೊನೆಯಾಗುವ ಫೈಲ್ ಇನ್‌ಸ್ಟಾಲ್ ಆಗಿದ್ದರೆ ಕ್ರಮವೇ ಬೇರೆ. ಅದು ನಿಮ್ಮ ಎಸ್‌ಎಂಎಸ್ ಓದಿ ಓಟಿಪಿಯನ್ನು ಕಳ್ಳನಿಗೆ ತಲುಪಿಸುತ್ತದೆ. ಮೊದಲು ಇಂಟರ್ನೆಟ್ ಬಂದ್ ಮಾಡಿ, ಸಿಮ್ಮನ್ನು ಬೇರೆ ಫೋನಿಗೆ ಹಾಕಿ, ಪಾಸ್‌ವರ್ಡುಗಳನ್ನು ಅಲ್ಲಿಂದಲೇ ಬದಲಿಸಿ.

ಇನ್‌ಸ್ಟಾಗ್ರಾಂ ವಿಷಯದಲ್ಲಿ ಮೊದಲು ನೋಡಬೇಕಾದದ್ದು ಇಮೇಲ್. ಇಮೇಲ್ ಬದಲಾದಾಗ ಹಳೆಯ ವಿಳಾಸಕ್ಕೆ ಇನ್‌ಸ್ಟಾಗ್ರಾಂ ಒಂದು ಪತ್ರ ಕಳಿಸುತ್ತದೆ. ಅದರಲ್ಲಿರುವ ಲಿಂಕಿನಿಂದ ಬದಲಾವಣೆಯನ್ನು ರದ್ದು ಮಾಡಬಹುದು. ಸ್ಪ್ಯಾಮ್‌ನಲ್ಲೂ ಹುಡುಕಿ, ಕಳುಹಿಸಿದವರ ವಿಳಾಸ ‘ಸೆಕ್ಯೂರಿಟಿ ಅಟ್ ಮೇಲ್ ಡಾಟ್ ಇನ್‌ಸ್ಟಾಗ್ರಾಂ ಡಾಟ್ ಕಾಂ’ ಎಂದೇ ಇರಬೇಕು. ಪತ್ರ ಸಿಗದಿದ್ದರೆ ‘ಇನ್‌ಸ್ಟಾಗ್ರಾಂ ಡಾಟ್ ಕಾಂ ಸ್ಲ್ಯಾಷ್ ಹ್ಯಾಕ್ಡ್’ ಪುಟಕ್ಕೆ ಹೋಗಿ. ಖಾತೆಯಲ್ಲಿ ಮಗುವಿನ ಮುಖದ ಫೋಟೋಗಳಿದ್ದರೆ ತಲೆಯನ್ನು ಅತ್ತಿತ್ತ ತಿರುಗಿಸುವ ಸೆಲ್ಫಿ ವಿಡಿಯೋ ಕೇಳಬಹುದು. ಬೆಳಕಿಗೆ ಎದುರಾಗಿ ಕುಳಿತು ತೆಗೆಯಿರಿ. ಇದನ್ನೆಲ್ಲ ಮಗು ದಿನವೂ ಬಳಸುತ್ತಿದ್ದ ಫೋನಿನಿಂದಲೇ ಮಾಡಿ. ಗುರುತು ಸಿಕ್ಕ ಫೋನಿನ ಮೇಲೆ ಕಂಪನಿಗೆ ನಂಬಿಕೆ ಹೆಚ್ಚು.

ಖಾತೆ ಮರಳಿತೆಂದು ಅಲ್ಲಿಗೇ ನಿಲ್ಲಿಸಬೇಡಿ. ಕಳ್ಳ ಸೇರಿಸಿದ ನಂಬರ್, ಇಮೇಲ್, ಅವನ ಎರಡು ಹಂತದ ಪರಿಶೀಲನೆ (ಪಾಸ್‌ವರ್ಡಿನ ಜೊತೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಉಳಿದಿದ್ದರೆ ಮಾರನೆಯ ದಿನವೇ ವಾಪಸ್ ಬರುತ್ತಾನೆ. ಜಿಮೇಲಿಗೂ ಕೈಹಾಕಿದ್ದರೆ ಫಾರ್ವರ್ಡಿಂಗ್ ಮತ್ತು ಫಿಲ್ಟರ್‌ಗಳನ್ನು ತೆರೆದು ನೋಡಿ. ನಿಮ್ಮ ಪತ್ರಗಳು ಸದ್ದಿಲ್ಲದೆ ಅವನಿಗೆ ಹೋಗುತ್ತಿರಬಹುದು. ಜಿಮೇಲಿನ ರಿಕವರಿ ನಂಬರನ್ನು ಅವನು ಬದಲಿಸಿದ್ದರೂ 7 ದಿನಗಳ ಒಳಗೆ ಹಳೆಯ ನಂಬರಿಗೇ ಕೋಡ್ ತರಿಸಿಕೊಳ್ಳುವ ಅವಕಾಶವಿರುತ್ತದೆ. ಮುಚ್ಚಿಡಬಾರದೆಂದು ಹೇಳಿದ್ದು ಇದಕ್ಕೇ.

ಈಗ ಹತ್ತು ನಿಮಿಷ ಕೊಟ್ಟು ಒಂದು ಕೆಲಸ ಮಾಡಿ. ಮಗುವಿನ ಖಾತೆ ಯಾವ ನಂಬರಿನ ಮೇಲಿದೆ ಎಂದು ನೋಡಿ. ಗೋವಾದಲ್ಲಿ ಕೆಲಸಕ್ಕಿದ್ದಾಗ ಅಪ್ಪ ಬಳಸಿದ್ದ ಸಿಮ್ಮೋ, ರೀಚಾರ್ಜ್ ಇಲ್ಲದೆ ಬಂದ್ ಆದ ಅಜ್ಜಿಯ ಸಿಮ್ಮೋ ಆಗಿದ್ದರೆ ಇಂದೇ ಬದಲಿಸಿ. ಬಂದ್ ಆದ ನಂಬರನ್ನು 90 ದಿನ ಕಳೆದ ಮೇಲೆ ಕಂಪನಿ ಬೇರೆಯವರಿಗೆ ಕೊಡಬಹುದು. ಆಗ ಓಟಿಪಿ ಹೋಗುವುದು ಆ ಹೊಸಬರಿಗೆ. ಅಪ್ಪ ಬೋಟಿನಲ್ಲಿ ಆಳ ಸಮುದ್ರಕ್ಕೆ ಹೋಗಿದ್ದರೂ, ಘಟ್ಟದ ಅಂಚಿನ ಮನೆಯಲ್ಲಿ ಸಿಗ್ನಲ್ ಸಿಗದಿದ್ದರೂ ಓಟಿಪಿ ಹೊತ್ತಿಗೆ ಬರುವುದಿಲ್ಲ. ಹಾಗಾಗಿ ಇನ್‌ಸ್ಟಾಗ್ರಾಂ, ಜಿಮೇಲ್ ಎರಡಕ್ಕೂ ಅಥೆಂಟಿಕೇಟರ್ ಆ್ಯಪ್ (ಲಾಗಿನ್ ಕೋಡನ್ನು ಫೋನಿನಲ್ಲೇ ತಯಾರಿಸುವ ಆ್ಯಪ್) ಇಡುವುದು ಒಳ್ಳೆಯದು. ಅದರ 6 ಅಂಕಿ ನೆಟ್‌ವರ್ಕ್ ಇಲ್ಲದೆಯೂ ಬರುತ್ತದೆ. ಆ ಆ್ಯಪ್ ಕೈಗೆ ಸಿಗದಾಗ ಬಳಸುವ ಬ್ಯಾಕಪ್ ಕೋಡುಗಳನ್ನು ಕಾಗದದಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ. ಫೋನಿನಲ್ಲಿ ಫೋಟೋ ತೆಗೆದಿಟ್ಟರೆ ಫೋನ್ ಹೋದಾಗ ಅದೂ ಹೋಗುತ್ತದೆ. ವಾಟ್ಸಾಪಿಗೆ ‘ಟೂ ಸ್ಟೆಪ್ ವೆರಿಫಿಕೇಶನ್’ ಪಿನ್ ಇಟ್ಟು, ಜೊತೆಗೆ ಇಮೇಲ್ ಸೇರಿಸಿ.

ಹಣ ಹೋಗಿದ್ದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ. ಬೇಗ ತಿಳಿಸಿದಷ್ಟೂ ಆ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು. ಹಣ ಹೋಗದಿದ್ದರೂ ‘ಸೈಬರ್‌ಕ್ರೈಮ್ ಡಾಟ್ ಜಿಓವಿ ಡಾಟ್ ಇನ್’ ತಾಣದಲ್ಲಿ ಅಥವಾ ಕಾರವಾರದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಬೇರೆಯವರ ಪಾಸ್‌ವರ್ಡ್ ಕದ್ದು ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲು ಶಿಕ್ಷೆಯ ಅಪರಾಧ. ಸ್ಕ್ರೀನ್‌ಶಾಟಿನ ಜೊತೆ ಪ್ರೊಫೈಲಿನ ಲಿಂಕನ್ನೂ ಉಳಿಸಿಕೊಳ್ಳಿ. ಹೆಸರು, ಫೋಟೋ ಯಾವಾಗ ಬೇಕಾದರೂ ಬದಲಾಗುತ್ತವೆ. ಮಗುವಿನ ಫೋಟೋ ಇಟ್ಟುಕೊಂಡು ಹೆದರಿಸುತ್ತಿದ್ದರೆ ಹಣ ಕೊಡಬೇಡಿ, ಚಾಟ್ ಅಳಿಸಬೇಡಿ, 1098 ಮಕ್ಕಳ ಸಹಾಯವಾಣಿಗೂ ತಿಳಿಸಿ. ‘ಖಾತೆ ಬಿಡಿಸಿಕೊಡುತ್ತೇನೆ, ಎರಡು ಸಾವಿರ ಕೊಡಿ’ ಎನ್ನುವವನು ಎರಡನೆಯ ಕಳ್ಳ.

ಗ್ರೂಪಿನಲ್ಲಿರುವ ಯಾರದೇ ಖಾತೆ ಹ್ಯಾಕ್ ಆದರೆ ಶಾಲೆಯ ಕಚೇರಿಗೆ ಫೋನ್ ಮಾಡಿ ತಿಳಿಸಿ, ಮೆಸೇಜ್ ಬೇಡ. ಖಾತೆ ಮರಳುವವರೆಗೆ ಆ ನಂಬರನ್ನು ಗ್ರೂಪಿನಿಂದ ತೆಗೆದಿಡುತ್ತೇವೆ. ಶಾಲೆಯಿಂದ ಯಾರೂ, ಯಾವ ಕಾರಣಕ್ಕೂ ನಿಮ್ಮ ಓಟಿಪಿ ಕೇಳುವುದಿಲ್ಲ.

ಇಂತಿ,
ಮುಖ್ಯಾಧ್ಯಾಪಕಿ